ಹವಾಮಾನ ಬೇರೆ, ವಾಯುಗುಣ ಬೇರೆ



"ಮೋಡ ಕಟ್ಟಿದೆ, ಸಂಜೆಗೆ ಮಳೆ ಹುಯ್ಯಬಹುದು" ಎಂದು ಮನೆಯಲ್ಲಿ ಹೇಳುತ್ತಾರೆ. ಇದು ಹವಾಮಾನದ ಮಾತು. "ನಮ್ಮ ಕಡೆ ಉತ್ತರೆ, ಹಸ್ತ, ಚಿತ್ತೆಗೇ ಮಳೆ ಜಾಸ್ತಿ" ಎಂದೂ ಹೇಳುತ್ತಾರೆ. ಇದು ವಾಯುಗುಣದ ಮಾತು. ಇವೆರಡರ ವ್ಯತ್ಯಾಸ ತಿಳಿಯೋಣ.

ಹವಾಮಾನ: ಒಂದು ಸ್ಥಳದಲ್ಲಿ ಆ ಹೊತ್ತಿಗೆ ಅಥವಾ ಕೆಲವು ದಿನ ಇರುವ ಬಿಸಿಲು, ಗಾಳಿ, ಮೋಡ, ತೇವಾಂಶ, ಮಳೆ ಇವುಗಳ ಸ್ಥಿತಿ. ಬೆಳಿಗ್ಗೆ ಇದ್ದದ್ದು ಸಂಜೆಗೆ ಇರುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಮಳೆ ಹುಯ್ಯುವಾಗ ಪಾಂಡವಪುರದಲ್ಲಿ ಬಿಸಿಲಿರಬಹುದು.

ವಾಯುಗುಣ: ಬಹಳ ವರ್ಷಗಳ ಹವಾಮಾನದ ಸರಾಸರಿ. ಸಾಮಾನ್ಯವಾಗಿ 30 ವರ್ಷಗಳ ಲೆಕ್ಕ ಹಿಡಿಯುತ್ತಾರೆ.

ನಮ್ಮಲ್ಲಿ ಮಳೆ ಯಾಕೆ ಕಡಿಮೆ?

ಜೂನ್ ತಿಂಗಳಲ್ಲಿ ಅರಬ್ಬೀ ಸಮುದ್ರದಿಂದ ಮುಂಗಾರು ಗಾಳಿ ಬರುತ್ತದೆ. ಅದು ಪಶ್ಚಿಮ ಘಟ್ಟವನ್ನು ಹತ್ತುವಾಗ ತಣ್ಣಗಾಗಿ, ಆವಿ ನೀರಾಗಿ, ಘಟ್ಟದ ಕಡೆಯೇ ಜೋರಾಗಿ ಸುರಿಯುತ್ತದೆ. ಘಟ್ಟ ಇಳಿದು ನಮ್ಮ ಕಡೆ ಬರುವಾಗ ಗಾಳಿಯಲ್ಲಿ ನೀರು ಕಡಿಮೆಯಾಗಿರುತ್ತದೆ. ಆದ್ದರಿಂದ ನಮ್ಮದು ಮಳೆ ನೆರಳಿನ ಪ್ರದೇಶ. ಕೊಡಗಿನಲ್ಲಿ ವರ್ಷಕ್ಕೆ ಸರಾಸರಿ 2,500 ಮಿ.ಮೀ.ಗಿಂತ ಹೆಚ್ಚು ಮಳೆಯಾದರೆ ಮಂಡ್ಯ ಜಿಲ್ಲೆಯಲ್ಲಿ ಸುಮಾರು 700 ಮಿ.ಮೀ. ಮಾತ್ರ. ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಹೆಚ್ಚು.

ಕಟ್ಟೆ ತುಂಬಿದರೆ ನಮ್ಮೂರಲ್ಲಿ ಮಳೆ ಆಯ್ತು ಅಂತಲೇ?

ಅಲ್ಲ! ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ. ಅದನ್ನು ತುಂಬಿಸುವುದು ಹೆಚ್ಚಾಗಿ ಘಟ್ಟದ ಮಳೆ. ಕಾವೇರಿ ಕೊಡಗಿನಿಂದ ಬರುತ್ತಾಳೆ. ಹೇಮಾವತಿ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹುಟ್ಟಿ, ಹಾಸನ ದಾಟಿ, ಕೆ.ಆರ್. ಪೇಟೆ ತಾಲ್ಲೂಕಿಗೆ ಬರುತ್ತಾಳೆ. ಆಮೇಲೆ ಕಟ್ಟೆಯ ನೀರು ನಾಲೆಯಲ್ಲಿ ಹರಿಯುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಲ್ಲಿ ಭತ್ತ, ಕಬ್ಬು ಬೆಳೆಯುತ್ತಾರೆ. ನಾಗಮಂಗಲದಲ್ಲಿ ಬಹುಪಾಲು ಹೊಲ ಮಳೆಯನ್ನೇ ನಂಬಿದೆ. ಅಲ್ಲಿ ರಾಗಿ, ಹುರುಳಿ. ಕೆ.ಆರ್. ಪೇಟೆಯಲ್ಲಿ ಎರಡೂ ಉಂಟು. ಗದ್ದೆ ಹಸಿರಾಗಿದೆ ಎಂದು ಅಲ್ಲಿಯ ವಾಯುಗುಣವೇ ಬೇರೆ ಎನ್ನಬಾರದು. ಆಕಾಶ ಒಂದೇ, ನಾಲೆ ಮಾತ್ರ ಎಲ್ಲ ಕಡೆ ಇಲ್ಲ.

ರೈತರಿಗೆ ಇದರಿಂದ ಏನು?

ಬೇಸಿಗೆಯಲ್ಲಿ ಒಂದು ಜೋರು ಮಳೆ ಬಂದರೆ ಅದು ಹವಾಮಾನ. ಅದನ್ನೇ ನಂಬಿ ರಾಗಿ ಬಿತ್ತಿದರೆ ಮೊಳಕೆ ಬಂದ ಮೇಲೆ ಬಿಸಿಲಿಗೆ ಒಣಗಬಹುದು. ಬಿತ್ತನೆ ಬೀಜ, ಗೊಬ್ಬರ, ಆಳಿನ ಕೂಲಿ ಎಲ್ಲ ಮಣ್ಣುಪಾಲು. ಆದ್ದರಿಂದಲೇ ನಮ್ಮ ಕಡೆ ಹೆಚ್ಚಾಗಿ ಜುಲೈ, ಆಗಸ್ಟಿನಲ್ಲಿ ರಾಗಿ ಬಿತ್ತುತ್ತಾರೆ. ಆಗ ತೆನೆ ಬರುವ ಹೊತ್ತಿಗೆ ಸರಿಯಾಗಿ ದೊಡ್ಡ ಮಳೆ ಸಿಗುತ್ತದೆ. ಅಜ್ಜಂದಿರ ಮಳೆ ನಕ್ಷತ್ರದ ಲೆಕ್ಕ ಎಂದರೆ ಬಹಳ ತಲೆಮಾರು ನೋಡಿ ಕಲಿತ ವಾಯುಗುಣ. ಆದರೆ ನಾಳೆ ಮಳೆ ಬರುತ್ತದೋ ಇಲ್ಲವೋ ತಿಳಿಯಲು ರೇಡಿಯೋದ ಹವಾಮಾನ ವರದಿಯೂ ಬೇಕು. ಎರಡನ್ನೂ ಕೇಳಿ ಬಿತ್ತುವುದು ಜಾಣತನ.

ಒಂದು ವರ್ಷ ನೋಡಿ ತೀರ್ಮಾನ ಬೇಡ

2023ರಲ್ಲಿ ಬರ ಬಂತು, ಕಟ್ಟೆ ತುಂಬಲಿಲ್ಲ. 2024ರ ಜುಲೈನಲ್ಲೇ ತುಂಬಿತು. ಇಷ್ಟರಿಂದಲೇ ವಾಯುಗುಣ ಬದಲಾಯಿತು ಎನ್ನಲಾಗದು. ಭೂಮಿ ಬಿಸಿಯಾಗುತ್ತಿದೆ ಎಂದು ವಿಜ್ಞಾನಿಗಳು ಹೇಳುವುದು ಬಹಳ ವರ್ಷಗಳ ಲೆಕ್ಕ ನೋಡಿಯೇ. ಅದಕ್ಕೇ ದಿನಾ ಅಳೆದು ಬರೆದಿಡುವುದು ಮುಖ್ಯ.

ಮಾಡಿ ನೋಡಿ

ತಳದಿಂದ ಬಾಯಿವರೆಗೆ ಒಂದೇ ಅಗಲ ಇರುವ ಡಬ್ಬಿಯನ್ನು ಮರ, ಸೂರು ಇಲ್ಲದ ಬಯಲಲ್ಲಿ ಸಮನಾಗಿ ಇಡಿ. ದಿನಾ ಬೆಳಿಗ್ಗೆ ಎಂಟೂವರೆಗೆ ನೀರಿನ ಎತ್ತರವನ್ನು ಸ್ಕೇಲಿನಿಂದ ಅಳೆದು, ಬರೆದು, ನೀರು ಚೆಲ್ಲಿ. 1 ಮಿ.ಮೀ. ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು. ಒಂದು ಎಕರೆಗೆ ಸುಮಾರು 4,000 ಲೀಟರ್!

ಉತ್ತರ ಹೇಳಿ:
1. "ನಿನ್ನೆ ಆಲಿಕಲ್ಲು ಬಿತ್ತು." ಇದು ಹವಾಮಾನವೋ, ವಾಯುಗುಣವೋ?
2. 20 ಮಿ.ಮೀ. ಮಳೆಯಾದರೆ ಎರಡು ಎಕರೆ ಹೊಲಕ್ಕೆ ಬಿದ್ದ ನೀರು ಸುಮಾರು ಎಷ್ಟು ಲೀಟರ್?

— 7ನೇ ತರಗತಿ