ಕುಡಿಯುವ ತಮ್ಮನನ್ನು ದೂರವಿಡಲೇ?

ಅನ್ನಪೂರ್ಣೇಶ್ವರಿ ನಗರದ ಸಹೋದರಿಯವರಿಗೆ,

ತಮ್ಮ ಕುಡಿದು ತೂರಾಡುತ್ತಾ ಬಂದದ್ದನ್ನು ವಿಡಿಯೊ ಮಾಡಿ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದಾಗಿ ಬರೆದಿದ್ದೀರಿ. ಮೊದಲು ಅದನ್ನು ಅಳಿಸಿ. ಪರರ ಹುಳುಕು ಕೆದಕುವುದನ್ನೂ ಬೆನ್ನ ಹಿಂದೆ ಆಡಿಕೊಳ್ಳುವುದನ್ನೂ ಕುರ್‌ಆನಿನ 49ನೇ ಅಧ್ಯಾಯ ನಿಷೇಧಿಸುತ್ತದೆ. ಕುಡಿತ ಹರಾಮ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುಡಿದವನ ಮಾನ ಕಳೆಯುವ ಹಕ್ಕು ನಮಗಿಲ್ಲ.

ಸಹೀಹ್ ಬುಖಾರಿಯಲ್ಲಿ ಒಂದು ಪ್ರಸಂಗವಿದೆ. ಅಬ್ದುಲ್ಲಾ ಎಂಬಾತ ಪ್ರವಾದಿಯವರನ್ನು (ಸ) ನಗಿಸುತ್ತಿದ್ದ. ಕುಡಿದು ಮತ್ತೆ ಮತ್ತೆ ಸಿಕ್ಕಿಬೀಳುತ್ತಲೂ ಇದ್ದ. ಒಮ್ಮೆ ಯಾರೋ ಅವನನ್ನು ಶಪಿಸಿದಾಗ ಪ್ರವಾದಿಯವರು ತಡೆದರು. ಅವನಿಗೆ ಅಲ್ಲಾಹನ ಮೇಲೆ, ಆತನ ದೂತರ ಮೇಲೆ ಪ್ರೀತಿಯಿದೆ ಎಂದರು. ಕುಡಿತಕ್ಕಿದ್ದ ಶಿಕ್ಷೆಯನ್ನೇನೂ ಅವರು ರದ್ದು ಮಾಡಲಿಲ್ಲ, ಗಮನಿಸಿ.

ನಿಮ್ಮ ಐದು ಹೊತ್ತಿನ ನಮಾಝ್ ನಿಮ್ಮ ಹಿರಿಮೆಯಿಂದಲ್ಲ, ಅಲ್ಲಾಹನ ಕೃಪೆಯಿಂದ ನಡೆದಿದೆ ಎಂದುಕೊಂಡರೆ ತಮ್ಮನೆದುರು ನಿಮ್ಮ ದನಿ ತಾನಾಗಿ ಇಳಿಯುತ್ತದೆ.

ಅವನ ತಟ್ಟೆ ಬೇರೆ ಇಡಬೇಡಿ, ಎಲ್ಲರ ಜೊತೆ ಉಣ್ಣಲಿ. ಕೈಗೆ ಹಣ ಕೊಡಬೇಡಿ. ಹೆಂಡತಿ, ಮಕ್ಕಳ ಮೇಲೆ ಕೈ ಮಾಡಿದರೆ ಅವರ ರಕ್ಷಣೆಯೇ ಮೊದಲು. ಅಮಲಿಳಿದ ಬೆಳಿಗ್ಗೆ, ಒಬ್ಬನೇ ಇರುವಾಗ ಮಾತಾಡಿ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ಜೊತೆಯಲ್ಲೇ ಹೋಗಿ. ವೈದ್ಯರನ್ನು ಕೇಳದೆ ದಿಢೀರನೆ ಕುಡಿತ ಬಿಡಿಸಬೇಡಿ, ಜೀವಕ್ಕೇ ಅಪಾಯವಾಗಬಹುದು. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.