ಬಿದ್ದುಹೋಗುವ ಹಲ್ಲು ಎಂದು ಬಿಡಬೇಡಿ

ಕೊಡಗಿನ ಅಮ್ಮತ್ತಿಯಲ್ಲಿ ಹಲ್ಲು ನೋವು ಬಂದರೆ ಬಸ್ಸು ಹತ್ತಿ ವಿರಾಜಪೇಟೆಗೆ ಹೋದರಾಯಿತು. ಅಲ್ಲಿ ದಂತ ವೈದ್ಯಕೀಯ ಕಾಲೇಜೇ ಇದೆ. ಚೀಟಿ ಮಾಡಿಸಿ ಕಾದು ಕೂತರೆ ಯಾರಾದರೂ ಬಾಯಿ ನೋಡುತ್ತಾರೆ. ನೋವು ಬಂದಮೇಲೆ ಡಾಕ್ಟರು ಎಂಬ ಅಭ್ಯಾಸ ನಮ್ಮೂರಿನವರಿಗೆ ಬಂದದ್ದು ಹೀಗೆ. ಇಂಗ್ಲೆಂಡಿಗೆ ಹೊಸದಾಗಿ ಬಂದ ಕುಟುಂಬಗಳಿಗೆ ನಾನು ಮೊದಲು ಹೇಳುವುದು ಇದನ್ನೇ: ಆ ಅಭ್ಯಾಸ ಇಲ್ಲಿ ಮಗುವಿಗೆ ತುಂಬಾ ದುಬಾರಿಯಾಗುತ್ತದೆ.

ಹದಿನೆಂಟು ತುಂಬದ ಮಕ್ಕಳಿಗೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಹಲ್ಲಿನ ಚಿಕಿತ್ಸೆ ಪೂರ್ತಿ ಉಚಿತ. ಬಸುರಿಯರಿಗೂ, ಹೆರಿಗೆಯಾಗಿ ಒಂದು ವರ್ಷದವರೆಗೆ ತಾಯಂದಿರಿಗೂ ಉಚಿತ. ಕಷ್ಟ ಇರುವುದು ಹೊಸಬರನ್ನು ಸೇರಿಸಿಕೊಳ್ಳುವ ಕ್ಲಿನಿಕ್ ಸಿಗುವುದರಲ್ಲಿ. ಜಿಪಿಯ (ಕುಟುಂಬ ವೈದ್ಯರ) ಹಾಗೆ ಮನೆ ಹತ್ತಿರದ್ದೇ ಆಗಬೇಕೆಂಬ ನಿಯಮ ಇದಕ್ಕಿಲ್ಲ, ಪಕ್ಕದ ಊರಿನದಾದರೂ ಆದೀತು. ಒಂದು ಕಡೆ ಇಲ್ಲ ಎಂದರೆ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸಿ, ಇನ್ನೊಂದಕ್ಕೆ ಫೋನು ಮಾಡಿ. ಮಗುವಿಗೆ ಮೊದಲ ಹಲ್ಲು ಮೂಡಿದಾಗಲೇ ಈ ಕೆಲಸ ಶುರುವಾಗಲಿ. ವರ್ಷ ತುಂಬುವುದರೊಳಗೆ ಒಂದು ಭೇಟಿ ಆಗಿಬಿಡಬೇಕು. ಭಾಷೆ ಅಡ್ಡಿಯಾದರೆ ದುಭಾಷಿ ಬೇಕೆಂದು ಮೊದಲೇ ಕೇಳಿ, ಸಂಕೋಚ ಬೇಡ.

‘ಹೇಗೂ ಬೀಳುವ ಹಲ್ಲು ತಾನೆ’ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳುತ್ತದೆ. ಹಾಲುಹಲ್ಲು ಇಪ್ಪತ್ತು. ಮುಂದಿನವು ಆರೇಳು ವರ್ಷಕ್ಕೆ ಬೀಳುತ್ತವೆ ನಿಜ, ಆದರೆ ಹಿಂದಿನ ದವಡೆ ಹಲ್ಲುಗಳು ಉದುರುವುದು ಹತ್ತರಿಂದ ಹನ್ನೆರಡರ ಹೊತ್ತಿಗೆ. ಅಷ್ಟು ವರ್ಷ ಮಗು ಅಗಿಯಬೇಕಾದದ್ದು ಅದರಲ್ಲೇ. ಹುಳುಕು ಹಿಡಿದು ಬೇಗ ಕಿತ್ತರೆ ಅಕ್ಕಪಕ್ಕದವು ಆ ಜಾಗಕ್ಕೆ ವಾಲಿ, ಕೆಳಗಿಂದ ಬರುವ ಹಲ್ಲು ಸೊಟ್ಟಗಾಗುತ್ತದೆ. ಇಂಗ್ಲೆಂಡಿನಲ್ಲಿ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆ ಸೇರುವುದಕ್ಕೆ ಬಹುಕಾಲದಿಂದ ದೊಡ್ಡ ಕಾರಣ ಹುಳುಕು ಹಲ್ಲೇ. ಪುಟ್ಟ ಮಗುವಿಗೆ ಪ್ರಜ್ಞೆ ತಪ್ಪಿಸಿ ಹಲ್ಲು ಕೀಳುವ ಸಂದರ್ಭ ಯಾವ ತಾಯಿತಂದೆಗೂ ಬೇಡ.

ಹುಳುಕು ಕಪ್ಪಾಗಿ ಕಾಣುವ ಮುಂಚೆ ಬಿಳಿಯಾಗಿ ಕಾಣುತ್ತದೆ. ಮಗುವಿನ ಮೇಲ್ದುಟಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ, ಬೆಳಕಿಗೆ ನೋಡಿ. ಮುಂದಿನ ಹಲ್ಲಿನ ಬುಡದಲ್ಲಿ, ಒಸಡಿಗೆ ತಾಗಿದಂತೆ ಸುಣ್ಣದ ಗೆರೆಯಂಥ ಮಂಕು ಬಿಳುಪಿದ್ದರೆ ಹುಳುಕು ಆರಂಭವಾಗಿದೆ ಎಂದರ್ಥ. ಈ ಹಂತದಲ್ಲಿ ಹಿಡಿದರೆ ಕೊರೆಯುವ ಅಗತ್ಯವೇ ಬಾರದೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಈ ಹುಳುಕಿಗೆ ಕಾರಣ ಹೆಚ್ಚಾಗಿ ರಾತ್ರಿಯ ಬಾಟಲಿ. ಸಕ್ಕರೆ ಹಾಲು, ಹಾರ್ಲಿಕ್ಸ್, ಹಣ್ಣಿನ ರಸ ಬಾಯಲ್ಲಿಟ್ಟುಕೊಂಡೇ ಮಗು ನಿದ್ದೆಹೋದರೆ ಸಿಹಿ ರಾತ್ರಿಯಿಡೀ ಹಲ್ಲಿನ ಮೇಲೆ ನಿಲ್ಲುತ್ತದೆ. ವರ್ಷ ತುಂಬಿದ ಮೇಲೆ ಬಾಟಲಿ ಬಿಡಿಸಿ ಲೋಟಕ್ಕೆ ರೂಢಿ ಮಾಡಿಸಿ. ಇನ್ನು ಊರಿಂದ ಅಕ್ಕರೆಯಿಂದ ಕಟ್ಟಿಕೊಡುವ ಕೊಡಗಿನ ಜೇನು: ವರ್ಷ ತುಂಬದ ಮಗುವಿಗೆ ಒಂದು ತೊಟ್ಟೂ ಬೇಡ, ಅದರಲ್ಲಿ ಹಲ್ಲಿಗಿಂತ ದೊಡ್ಡ ಅಪಾಯವಿದೆ. ಆಮೇಲೂ ಅದು ಸಕ್ಕರೆಯೇ.

ಪೇಸ್ಟಿನ ವಿಷಯದಲ್ಲಿ ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಫ್ಲೋರೈಡ್ ಎಂದರೆ ಹೆದರುವುದು ಸಹಜ. ಕೊಳವೆಬಾವಿಯ ನೀರು ಹಲ್ಲನ್ನು ಕಂದು ಮಾಡಿದ್ದನ್ನು ಅವರು ಕಣ್ಣಾರೆ ಕಂಡವರು. ಅಲ್ಲಿ ತೊಂದರೆ ಅತಿಯಾದದ್ದರಿಂದ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಬರ್ಮಿಂಗ್‌ಹ್ಯಾಮಿನಲ್ಲಿ 1964ರಿಂದ ನಲ್ಲಿ ನೀರಿಗೆ ಸುಮಾರು 1 ಮಿಲಿಗ್ರಾಂ ಅಳೆದು ಬೆರೆಸುತ್ತಾರೆ, ಹಲ್ಲು ಗಟ್ಟಿಯಾಗಲೆಂದೇ. ಹಾಗಾಗಿ ಪೇಸ್ಟಿನಲ್ಲಿ ಕನಿಷ್ಠ 1000 ಪಿಪಿಎಂ ಫ್ಲೋರೈಡ್ ಇರಲಿ, ಟ್ಯೂಬಿನ ಹಿಂದೆ ಬರೆದಿರುತ್ತದೆ. ಮೂರು ವರ್ಷದೊಳಗಿನವರಿಗೆ ಬ್ರಷ್ಷಿಗೆ ಸವರಿದಷ್ಟು, ಆರರವರೆಗೆ ಬಟಾಣಿ ಕಾಳಿನಷ್ಟು. ಉಜ್ಜಿದ ಮೇಲೆ ಉಗಿಯಲಿ, ನೀರು ಹಾಕಿ ಮುಕ್ಕಳಿಸುವುದು ಬೇಡ. ಇದು ನಮಗೆ ವಿಚಿತ್ರ ಅನಿಸುತ್ತದೆ, ಆದರೆ ತೊಳೆದರೆ ಫ್ಲೋರೈಡೂ ಹೋಯಿತು. ಮಲಗುವ ಮುಂಚೆ ಉಜ್ಜುವುದನ್ನು ಒಂದು ದಿನವೂ ತಪ್ಪಿಸಬೇಡಿ. ಏಳು ವರ್ಷದವರೆಗಾದರೂ ದೊಡ್ಡವರೇ ಉಜ್ಜಬೇಕು ಅಥವಾ ಪಕ್ಕದಲ್ಲಿ ನಿಂತು ಉಜ್ಜಿಸಬೇಕು.

ಹಟ ಮಾಡುವ ಕೂಸಿಗೆ ಅಜ್ಜಿಯಂದಿರು ಕಾಲು ಚಾಚಿ ಮಲಗಿಸಿಕೊಂಡು ನೀರೆರೆಯುತ್ತಿದ್ದ ಹಾಗೆ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಉಜ್ಜಿ, ಬಾಯಿ ಪೂರ್ತಿ ಕಾಣುತ್ತದೆ. ಇಲ್ಲಿನ ಡಾಕ್ಟರುಗಳೂ ಪುಟ್ಟ ಮಕ್ಕಳನ್ನು ಹೆಚ್ಚುಕಡಿಮೆ ಹೀಗೇ ನೋಡುತ್ತಾರೆ: ಮಗು ನಿಮ್ಮ ತೊಡೆಯ ಮೇಲೆ, ತಲೆ ಅವರ ತೊಡೆಯ ಮೇಲೆ. ಮಗು ಅತ್ತರೆ ನಾಚಿಕೊಳ್ಳಬೇಡಿ, ಬಾಯಿ ತೆರೆದು ಅತ್ತರೆ ಅವರಿಗೆ ಹಲ್ಲು ಕಾಣುತ್ತದೆ. ಆದರೆ ‘ಊಟ ಮಾಡದಿದ್ದರೆ ಡಾಕ್ಟರಿಂದ ಸೂಜಿ ಚುಚ್ಚಿಸ್ತೀನಿ’ ಎಂದು ಮನೆಯಲ್ಲಿ ಹೆದರಿಸುವುದನ್ನು ದಯವಿಟ್ಟು ಬಿಡಿ. ಆ ಒಂದು ಮಾತಿನ ಭಯ ದೊಡ್ಡವರಾದ ಮೇಲೂ ಹೋಗುವುದಿಲ್ಲ. ಮೂರು ವರ್ಷದ ಮೇಲೆ ವರ್ಷಕ್ಕೆ ಎರಡು ಸಲ ಫ್ಲೋರೈಡ್ ವಾರ್ನಿಶ್ ಬಳಿಯುತ್ತಾರೆ, ನೋವಿಲ್ಲದ ಕೆಲಸ.

ರಾತ್ರಿ ಜೋರು ನೋವು, ಊತ ಬಂದು ಕ್ಲಿನಿಕ್ ತೆರೆದಿರದಿದ್ದರೆ 111ಕ್ಕೆ ಫೋನು ಮಾಡಿ. ಮುಖ ಊದಿ ಉಸಿರಾಟಕ್ಕೋ ನುಂಗುವುದಕ್ಕೋ ಕಷ್ಟವಾದರೆ ಕಾಯದೆ 999. ಲವಂಗದ ಎಣ್ಣೆಯನ್ನು ಮಕ್ಕಳ ಒಸಡಿಗೆ ಹಚ್ಚಬೇಡಿ. ಬಿದ್ದು ಹಾಲುಹಲ್ಲು ಕಿತ್ತು ಬಂದರೆ ವಾಪಸ್ಸು ಕೂರಿಸುವುದು ಬೇಡ, ಡಾಕ್ಟರಿಗೆ ತೋರಿಸಿ. ಕಾಯಂ ಹಲ್ಲಾದರೆ ಬೇರನ್ನು ಮುಟ್ಟದೆ ಮೇಲ್ಭಾಗ ಹಿಡಿದೆತ್ತಿ, ಕೊಳೆಯಾಗಿದ್ದರೆ ಹಾಲಲ್ಲಿ ಅದ್ದಿ ಮತ್ತೆ ಅದೇ ಗುಳಿಯಲ್ಲಿ ಕೂರಿಸಿ. ಆಗದಿದ್ದರೆ ಒಂದು ಲೋಟ ಹಾಲಿನಲ್ಲಿ ಹಾಕಿಕೊಂಡು ಆ ಕ್ಷಣವೇ ಡಾಕ್ಟರ ಬಳಿಗೆ ಓಡಿ.