ಸಂತನಾದ ಬುದ್ಧ: ಬರ್ಲಾಮ್ ಮತ್ತು ಜೋಸಫಾಟ್ ಕಥೆ

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಮೇಗುತಿ ಗುಡ್ಡ ಹತ್ತುವಾಗ ನಡುದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ಗುಡಿ ಸಿಗುತ್ತದೆ. ಅರ್ಧ ಬಂಡೆಯಲ್ಲಿ ಕೊರೆದದ್ದು, ಅರ್ಧ ಕಟ್ಟಿದ್ದು. ಮೇಲಂತಸ್ತಿನ ಪಡಸಾಲೆಯಲ್ಲಿ ತಲೆಯೆತ್ತಿದರೆ ಛಾವಣಿಯಲ್ಲಿ ಕುಳಿತ ಬುದ್ಧ ಕಾಣುತ್ತಾನೆ. ಗುಡ್ಡದ ತುದಿಯ ಮೇಗುತಿ ದೇವಾಲಯ ಮಾತ್ರ ಜೈನರದು, ರವಿಕೀರ್ತಿಯ ಶಾಸನ (ಕ್ರಿ.ಶ. 634) ಇರುವುದು ಅಲ್ಲಿ. ಪರೀಕ್ಷೆಗೆ ಓದುವ ಅಭ್ಯರ್ಥಿಗಳು ಇವೆರಡನ್ನೂ ಬೆರೆಸಬಾರದು.

ಇದೇ ಬುದ್ಧನ ಜೀವನಕಥೆ ಬೇರೊಂದು ಹಾದಿಯಲ್ಲಿ ಯುರೋಪಿನ ಚರ್ಚುಗಳನ್ನೂ ಸೇರಿತು. ಅರಮನೆಯಲ್ಲಿ ಬಚ್ಚಿಟ್ಟು ಬೆಳೆಸಿದ ರಾಜಕುಮಾರ, ಅವನು ಕಂಡ ರೋಗ, ಮುಪ್ಪು, ಸಾವು, ಕೊನೆಗೆ ರಾಜ್ಯತ್ಯಾಗ: ಕಥೆಯ ಎಲುಬು ಬದಲಾಗಲೇ ಇಲ್ಲ. ಅರಬ್ಬಿಯಲ್ಲಿ ಬೋಧಿಸತ್ತ್ವ 'ಬೂದಾಸಫ್' ಆದ, ಅದೇ ಹೆಸರು ಮುಂದೆ 'ಜೋಸಫಾಟ್' ಆಯಿತು. ಕಥೆಗೆ ಕ್ರೈಸ್ತ ರೂಪ ಕೊಟ್ಟವರು ಜಾರ್ಜಿಯನ್ನರು. ಇದು ಪರೀಕ್ಷೆಗೆ ಮುಖ್ಯ ಅಂಶ. ಕ್ರಿ.ಶ. 1000ರ ಸುಮಾರಿಗೆ ಅಥೋಸ್ ಬೆಟ್ಟದ ಸನ್ಯಾಸಿ ಯೂಥಿಮಿಯಸ್ ಅದನ್ನು ಗ್ರೀಕಿಗೆ ತಂದನೆಂದು ವಿದ್ವಾಂಸರು ಒಪ್ಪುತ್ತಾರೆ. ಹಿಂದೆ ಗ್ರೀಕ್ ಕೃತಿಯ ಕರ್ತೃವೆಂದು ಡಮಾಸ್ಕಸ್‌ನ ಯೋಹಾನನ ಹೆಸರು ಹೇಳುತ್ತಿದ್ದರು, ಹಳೆಯ ಪುಸ್ತಕಗಳಲ್ಲಿ ಈಗಲೂ ಹಾಗೇ ಇದೆ. 1048ರಲ್ಲಿ ಲ್ಯಾಟಿನ್ ಅನುವಾದವಾಯಿತು. ಅಲ್ಲಿಂದ ಮುಂದೆ ಯುರೋಪಿನ ಹತ್ತಾರು ಭಾಷೆಗಳಲ್ಲಿ ಜೋಸಫಾಟ್ ಮನೆಮಾತಾದ.

ನಾಲ್ಕು ಪೆಟ್ಟಿಗೆಗಳ ದೃಷ್ಟಾಂತವೂ ಈ ಕೃತಿಯಲ್ಲಿದೆ. ಚಿನ್ನದ ಹೊದಿಕೆಯೊಳಗೆ ಕೊಳೆತ ಎಲುಬು, ಡಾಂಬರು ಬಳಿದದ್ದರೊಳಗೆ ರತ್ನ. ಷೇಕ್ಸ್‌ಪಿಯರ್‌ನ 'ದಿ ಮರ್ಚೆಂಟ್ ಆಫ್ ವೆನಿಸ್' ನಾಟಕದ ಪೆಟ್ಟಿಗೆ ಪ್ರಸಂಗಕ್ಕೆ ಇದು ದೂರದ ಮೂಲ. ರೋಮನ್ ಚರ್ಚು ರಾಜಕುಮಾರನಿಗೆ ಬೋಧಿಸಿದ ಸನ್ಯಾಸಿ ಬರ್ಲಾಮ್ ಮತ್ತು ಜೋಸಫಾಟರನ್ನು ಸಂತರ ಪಟ್ಟಿಯಲ್ಲಿ ನವೆಂಬರ್ 27ಕ್ಕೆ ಸೇರಿಸಿತ್ತು.